ಛಾಟ

ಸೊಲ್ಲಾಪುರದ ಗಿರಣಿ ಚಿಮಣಿ ಹೊಗಿ ಬಿಡೂದು ನಿಂತು
ನನ್ನ ಮಗಳಿಗೆ ಎಷ್ಟು ವಯಸ್ಸೋ ಅಷ್ಟು ವರ್ಷ ಆತು.
ಅದರ ನೆಳ್ಳು ಮಾತ್ರ ಕೆಲಸಾ ಬಿಟ್ಟಿಲ್ಲ.
ಸಂಜಿ ಐದಕ್ಕ ನಮ್ಮ ಗಲ್ಲಿಗೆ ಬರತದ,
ಹೊತ್ತು ಮುಣಗೂದ್ರಾಗ ಖೋಲಿ ಬಾಗಿಲಾ ಮುಟ್ಟತದ.
ಅದೇ ನಮ್ಮ ಗಂಟಿ.

ಖೋಲಿ ಅಂದ್ರ ಹಿಟ್ಟಿನ ಗಿರಣಿ ಮ್ಯಾಲಿಂದು.
ಕೆಳಗ ಜ್ವಾಳಾ ಬೀಸಿದ್ರ ಮ್ಯಾಲ ಪಾಟಿ ನಡಗತಾವ.
ಅಕ್ಷರ ಸೊಟ್ಟ ಆದ್ರ
"ಜ್ವಾಳದ ತಪ್ಪರಿ, ನಂದಲ್ಲ" ಅಂತಾವ ಹುಡುಗ್ರು.

ರೊಕ್ಕ ಎಲ್ಲಿಂದು ಅಂತ ಕೇಳ್ತೀರಿ.
ಬುಧವಾರ ಕಾರ್ಖಾನಿಗೆ ಹೋಗೂ ಮೊದಲ
ಒಬ್ಬೊಬ್ಬಾಕಿ ಒಂದೊಂದು ಕಟ್ಟು ನನ್ನ ಮೊರದಾಗ ಇಡತಾಳ.
ಇಪ್ಪತ್ತೈದು ಬೀಡಿ.
ತೆಲುಗಿನ ಅಂಬವ್ವ ಗಡ್ಡಂ, ಅಕ್ಕಲಕೋಟಿ ಕಡೆಯಿಂದ ಬಂದ ಸಾತವ್ವ,
ಮೂಲಿಮನಿ ಖುತೇಜಾಬಿ, ಜ್ವರಾ ಬಂದ್ರೂ ತಪ್ಪಸೂದಿಲ್ಲ.
ಲೈಟಿನ ಬಿಲ್ಲು, ಖೋಲಿ ಬಾಡಿಗಿ, ಮಾಸ್ತರ ಚಹಾ,
ಉಳದ್ರ ಪೆನ್ಸಿಲ್ಲು.

ನನಗ ಬರಿಯಾಕ ಬರೂದಿಲ್ಲ.
ಬೀಡಿ ದಾರದಾಗ ಲೆಕ್ಕಾ ಇಡತೀನಿ.
ಕೊಟ್ಟಾಕಿಗೆ ಒಂದು ಗಂಟು.
ಕೊಡಲಾರದಾಕಿಗೆ ಸಡ್ಲ ಗಂಟು,
ಯಾವಾಗರೆ ಬಿಗಿಯಾಕ ಬರಲಿ ಅಂತ.

ಕಾರ್ಖಾನ್ಯಾಗ ಚೆಕ್ಕರ ಕಟ್ಟು ಹಿಚುಕಿ ನೋಡತಾನ.
ಮೂತಿ ಸಡ್ಲ, ಛಾಟ.
ಹೊಟ್ಟಿ ಸಣ್ಣ, ಛಾಟ.
ಒಗದದ್ದು ಎಲ್ಲಿ ಹೋಗತದ
ಅವನ ಕಿಸೇಕ ಗೊತ್ತು.
ಸಾಲ್ಯಾಗೂ ಒಬ್ಬ ಚೆಕ್ಕರ ಇರತಾನರಿ.
ಹಾಜರಿ ಕಡಿಮಿ, ಮನ್ಯಾಗಿನ ಮಾತು ಬ್ಯಾರೆ,
ಜನ್ಮದ ದಾಖಲಾ ಇಲ್ಲ, ಅಪ್ಪನ ಸಹಿ ಇಲ್ಲ,
ಅಪ್ಪನ ಇಲ್ಲ.
ಹಂಗ ಒಗದವ್ರೇ ನಮ್ಮ ಮೆಟ್ಟಲಾ ಹತ್ತೂದು.
ಛಾಟ ಬೀಡಿನೂ ಹತ್ತತಾವ, ನಾ ನೋಡೀನಿ,
ಒಂದು ಕಡ್ಡಿ ಜಾಸ್ತಿ ಬೇಕು, ಅಷ್ಟ.

ಹ್ವಾದ ತಿಂಗಳ ಪುಣೇದಿಂದ ಇಬ್ಬರು ಬಂದಿದ್ರು.
ಚಲೋ ಮಂದಿ, ಕೆಳಗ ಚಪ್ಲಿ ಬಿಟ್ಟು ಬಂದ್ರು,
ನೆಲದ ಮ್ಯಾಲ ಕುಂತ್ರು.
ಕಪಾಟ ಕೊಡತೀವಿ, ಕಂಪ್ಯೂಟರ ಕೊಡತೀವಿ,
ಇದೊಂದು ಫಾರ್ಮ ತುಂಬ್ರಿ ಅಂದ್ರು.
ಸಮೃದ್ಧಿ ಪೆನ್ನು ಹಿಡದ್ಲು.
(ಹೆಸರು ನೋಡ್ರಿ. ಮನ್ಯಾಗ ಒಂದ ಚಾದರಕ್ಕ ನಾಕು ಮಂದಿ.)
ಸಂಸ್ಥೆ ಹೆಸರು? ಇಲ್ಲ.
ನೋಂದಣಿ ನಂಬರ? ಇಲ್ಲ.
ಮಕ್ಕಳು? ಮೂವತ್ತೊಂದು, ಮಳಿ ಬಂದ್ರ ಇಪ್ಪತ್ತು.
ನಿಧಿಯ ಮೂಲ?
ಪೆನ್ನು ನಿಂತು ನನ್ನ ಕಡೆ ನೋಡಿತು.

ಆ ಬಾಯಿ ಸಣ್ಣ ದನ್ಯಾಗ ಅಂದ್ಲು,
"ತಂಬಾಕು ಅಂತ ಬರದ್ರ ಮ್ಯಾಲಿನವ್ರು ಒಪ್ಪೂದಿಲ್ಲ ಅಕ್ಕಾ,
ಮಕ್ಕಳ ಕೆಲಸ ನೋಡ್ರಿ.
ದೇಣಿಗಿ ಅಂತ ಬರೀರಿ, ಸಾಕು."

ಖರೆ ಹೇಳಿದ್ಲು. ನಾ ಯಾಕ ಸುಳ್ಳಾಡ್ಲಿ.
ನಮ್ಮವ್ವನ ಕೆಮ್ಮು ಗೋಡಿ ಆಚೆ ಮನೀಗೂ ಕೇಳತಿತ್ತು.
ಯಾರ ಬಾಯಿಗೆ ಹೋಗತಾವೋ ನಮ್ಮ ಕಟ್ಟು,
ಯಾರ ಪುಪ್ಪಸಾ ಸುಟ್ಟು ನಮ್ಮ ಟ್ಯೂಬಲೈಟ ಹತ್ತತದೋ.
ಅದಕ್ಕ ನಾ ದಿನಾ ಬಾಗಿಲದಾಗ ಕುಂಡ್ರತೀನಿ.
ಒಂದೊಂದ ಕೂಸಿನ ಕೈ ಹಿಡದು ಮೂಸತೀನಿ.
ಬಳಪದ ವಾಸನಿ ಬಂದ್ರ ಒಳಗ.
ಎಲಿ ವಾಸನಿ ಬಂದ್ರ, "ಯಾರ ಜೋಡಿ ಕುಂತಿದ್ದಿ ಮಧ್ಯಾಹ್ನ?
ಹೋಗು, ತೊಳಕೊಂಡು ಬಾ,
ನಾಳೆ ನಿಮ್ಮವ್ವಗ ನಾ ಹೇಳತೀನಿ."

ಫಾರ್ಮ ಇನ್ನೂ ಇಲ್ಲೇ ಅದ, ಲೈಟಿನ ಬಿಲ್ಲಿನ ಕೆಳಗ.
ಆ ಗೆರಿ ಮ್ಯಾಲ ಏನೂ ಬರದಿಲ್ಲ.
ಸುಳ್ಳು ಅಲ್ಲದ್ದು, ಒಪ್ಪೂವಂಥಾದ್ದು,
ಎರಡೂ ಆಗೂ ಶಬ್ದ ಮಾಸ್ತರಗೂ ಸಿಕ್ಕಿಲ್ಲ.

ನಿನ್ನಿ ಸಮೃದ್ಧಿ ತಡಾ ಮಾಡಿ ಬಂದ್ಲು.
ಕೈ ಚಾಚಂದೆ. ಚಾಚಿದ್ಲು.
ಹಿಂದ ತಗೊಳ್ಳಿಲ್ಲ, ನನ್ನ ಕೈ ಗಟ್ಟಿ ಹಿಡಕೊಂಡು
ಮೂಗಿನ ತನಾ ಒಯ್ದು ಮೂಸಿದ್ಲು.
ಏನೂ ಅನ್ಲಿಲ್ಲ ಹುಡುಗಿ.
ಕೆಳಗ ಹೋಗಿ, ಗಿರಣಿ ನಳದಾಗ
ಒಂದು ತಂಬಗಿ ನೀರು ತಂದ್ಲು.